ಅಗಸಿ ಬಾಗಿಲು, ಅವ್ವನ ಜೋಗುಳ

ಹೋದ ವಾರ ಬಿಸಿಲು ಚೆನ್ನಾಗಿತ್ತೆಂದು ಹಳೆಯ ಟ್ರಂಕನ್ನು ಅಂಗಳಕ್ಕೆ ತಂದು ಬಾಯಿ ತೆರೆದಿಟ್ಟಿದ್ದೆ. ಒಳಗೆ ತುಂಬಿಹೋದ ಪಾಸ್‌ಬುಕ್ಕುಗಳು, ಎಲ್‌ಐಸಿ ರಸೀದಿಗಳು, ನಮ್ಮವ್ವನ ಕನ್ನಡಕದ ಡಬ್ಬಿ, ಎಲ್ಲದರ ತಳದಲ್ಲಿ ಕೆಂಪು ಬೈಂಡಿನ ಒಂದು ಉದ್ದ ವಹಿ. ರಜೆಗೆಂದು ಹುಬ್ಬಳ್ಳಿಯಿಂದ ಬಂದಿರುವ ಮಗಳ ಮಗ ಅದನ್ನು ಎತ್ತಿಕೊಂಡ. ಏಳನೇ ಇಯತ್ತೆ ಮುಗಿಸಿದ್ದಾನೆ. ಬ್ಯಾಂಕಿನಲ್ಲಿ ಕ್ಲರ್ಕಾಗಿದ್ದವನ ಮನೆಯಲ್ಲಿ ವಹಿ ಸಿಕ್ಕರೆ ಅದರಲ್ಲಿ ಹಾಲಿನ ಲೆಕ್ಕವೋ ಕಿರಾಣಿ ಲೆಕ್ಕವೋ ಇರಬೇಕು. ಅವನೂ ಹಾಗೇ ಅಂದುಕೊಂಡು ತೆರೆದ. ಆದರೆ ಪುಟದಲ್ಲಿ ಹೀಗಿತ್ತು:

“ಶನಿವಾರ. ಫೈಲು: ಅವ್ವನ ಪದ, 40 ಎಂಬಿ. ಫೈರ್‌ವಾಲ್ ಇದೆ. ಶುರು 6-05. 6-40ಕ್ಕೆ 8 ಎಂಬಿ ಮಾತ್ರ. ರದ್ದು. ಫೈರ್‌ವಾಲ್ ಇಲ್ಲ. ಶುರು 6-48. ಮುಕ್ತಾಯ 7-16.”

“ಅಜ್ಜಾ, 40 ಎಂಬಿ ಕಳಸಾಕ ಇಷ್ಟೊತ್ತೇನು? ನಮ್ಮ ಮಮ್ಮಿ ಫೋನಿನಾಗ ಕಣ್ಣು ಪಿಳಕಿಸೂದ್ರಾಗ ಹೋಗತೈತಿ!” ಎಂದ. ಆಮೇಲೆ ಕೆಳಗಿನ ಸಾಲು ನೋಡಿ, “ಫೈರ್‌ವಾಲ್ ತೆಗದ್ರ ಜೋರಾಗಿ ಹೋಗೈತಿ. ಅಂದ್ರ ಫೈರ್‌ವಾಲ್ ಕೆಟ್ಟದ್ದಲ್ಲೇನು?” ಎಂದೂ ಕೇಳಿದ.

ಈ ಎರಡನೇ ಪ್ರಶ್ನೆಗೆ ಉತ್ತರ ಹೇಳಲು ನನಗೆ ಒಂದು ಸಂಜೆ ಬೇಕಾಯಿತು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ ಮಕ್ಕಳೇ. ಅಜ್ಜ-ಅಜ್ಜಿಯರೂ ಹತ್ತಿರ ಕೂತು ಕೇಳಬೇಕು, ಏಕೆಂದರೆ ಈ ಕಥೆಯಲ್ಲಿ ತಪ್ಪು ಮಾಡಿದವನು ಅಜ್ಜನೇ.

ಅದು 2006ನೇ ಇಸವಿ. ಆಗ ನಾನು ಬಾಗಲಕೋಟೆಯ ಒಂದು ಶಾಖೆಯಲ್ಲಿದ್ದೆ, ಮನೆ ನವನಗರದಲ್ಲಿ. ಅವ್ವ ಮಾತ್ರ ಕುಳಗೇರಿ ಕ್ರಾಸಿನ ಮನೆ ಬಿಟ್ಟು ಬರಲು ಒಪ್ಪುತ್ತಿರಲಿಲ್ಲ. ಹೆದ್ದಾರಿಯ ಲಾರಿ ಸಪ್ಪಳ ಕೇಳದಿದ್ದರೆ ಅವಳಿಗೆ ನಿದ್ದೆ ಬಾರದು. ಮಗ ಅಮೆರಿಕದಲ್ಲಿದ್ದ. ಅವನಿಗೆ ಆ ವರ್ಷ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ಕಾರ್ಯಕ್ರಮವನ್ನು ಅಲ್ಲೇ, ಒಂದು ಶನಿವಾರ ಇಟ್ಟುಕೊಂಡರು.

ನಮ್ಮ ಮನೆತನದ ಯಾವ ಕೂಸನ್ನೂ ಅವ್ವ ಜೋಗುಳ ಹಾಡದೆ ತೊಟ್ಟಿಲಿಗೆ ಹಾಕಿದ್ದಿಲ್ಲ. ಪದ ಅವಳದೇ. ಎಲ್ಲಿಯೂ ಬರೆದಿಟ್ಟಿರಲಿಲ್ಲ, ಅವಳಿಗೆ ಬರೆಯಲು ಬರುತ್ತಲೂ ಇರಲಿಲ್ಲ. ಪ್ರತಿ ಕೂಸಿಗೂ ಒಂದೆರಡು ನುಡಿ ಹೊಸದಾಗಿ ಸೇರುತ್ತಿತ್ತು. ಆ ವರ್ಷದ ಮಳೆ, ಹೊಲದ ಬೆಳೆ, ಕೂಸಿನ ಮೂಗು ಯಾರ ಮೂಗಿನಂತಿದೆ ಎಂಬುದು, ಹೀಗೆ. 82 ವರ್ಷದ ಅವಳನ್ನು ವಿಮಾನ ಹತ್ತಿಸುವ ಮಾತಿರಲಿಲ್ಲ. “ಅವ್ವನ ದನಿಯಾದರೂ ಕಳಸ್ರಿ ಅಪ್ಪಾ” ಎಂದ ಮಗ.

ಆ ವಾರ ಅವ್ವನಿಗೆ ಕೆಮ್ಮು. ಸೋಮವಾರ ಹಾಡಬೇಕಾದದ್ದು ಶನಿವಾರ ಮಧ್ಯಾಹ್ನಕ್ಕೆ ಹೋಯಿತು. ಮದುವೆ ವಿಡಿಯೊ ಮಾಡುವ ಅಂಗಡಿಯ ಹುಡುಗನನ್ನು ಕರೆದುಕೊಂಡು ಹೋಗಿ ಧ್ವನಿಮುದ್ರಣ ಮಾಡಿಸಿದೆ. ಅವನು ನನ್ನ ಜೊತೆಗೇ ಬಾಗಲಕೋಟೆಗೆ ಬಂದು ಪೆನ್ ಡ್ರೈವ್‌ನಿಂದ ಫೈಲನ್ನು ನಮ್ಮ ಕಂಪ್ಯೂಟರಿಗೆ ಹಾಕಿಕೊಟ್ಟ. “ಒಂದು ಸಿಡಿನೂ ಬರದು ಕೊಡ್ಲೇನ್ರಿ ಸರ? 30 ರೂಪಾಯಿ ಆಗತೈತಿ” ಎಂದ. ಫೈಲು ಕಂಪ್ಯೂಟರಿನಲ್ಲಿ ಇದೆಯಲ್ಲ, ಸಿಡಿ ಏಕೆ ಎಂದು ನಾನು ಬೇಡವೆಂದೆ. ಈ 30 ರೂಪಾಯಿ ನೆನಪಿಟ್ಟುಕೊಳ್ಳಿ.

ಪದ ಇದ್ದದ್ದು ನಾಲ್ಕು ನಿಮಿಷ, ಫೈಲು ಆದದ್ದು 40 ಎಂಬಿ. ಸಿಡಿಯ ಗುಣಮಟ್ಟದ ದನಿಯನ್ನು ಹಿಂಡದೆ ಹಾಗೇ ಇಟ್ಟರೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಅದನ್ನೇ ಎಂಪಿ3 ಮಾಡಿದ್ದರೆ 4 ಎಂಬಿಗೆ ಇಳಿಯುತ್ತಿತ್ತು. ನನಗೆ ಗೊತ್ತಿರಲಿಲ್ಲ, ಆ ಹುಡುಗ ಹೇಳಲೂ ಇಲ್ಲ.

ಈಗ ಸ್ವಲ್ಪ ಗಣಿತ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು, ವಿಎಸ್ಎನ್ಎಲ್ ಮೂಲಕ. 2004ರಲ್ಲಿ ಕೇಂದ್ರ ಸರಕಾರ ಬ್ರಾಡ್‌ಬ್ಯಾಂಡ್ ನೀತಿ ತಂದಾಗ, ಸೆಕೆಂಡಿಗೆ 256 ಕಿಲೋಬಿಟ್ ಇದ್ದರೆ ಅದಕ್ಕೆ ಬ್ರಾಡ್‌ಬ್ಯಾಂಡ್ ಎನ್ನಬಹುದು ಎಂದು ಬರೆದರು. ನಮ್ಮ ಮನೆಗೆ ಟೆಲಿಫೋನ್ ತಂತಿಯಲ್ಲಿ ಬರುತ್ತಿದ್ದದ್ದೂ ಅಷ್ಟೇ. ಎಂಟು ಬಿಟ್ ಸೇರಿದರೆ ಒಂದು ಬೈಟ್. 256ನ್ನು 8ರಿಂದ ಭಾಗಿಸಿದರೆ 32. ಅಂದರೆ ಸೆಕೆಂಡಿಗೆ 32 ಕಿಲೋಬೈಟ್. 40 ಎಂಬಿ ಎಂದರೆ ಹೆಚ್ಚುಕಡಿಮೆ 40,000 ಕಿಲೋಬೈಟ್. ಭಾಗಿಸಿ ನೋಡಿ, 1,250 ಸೆಕೆಂಡು, ಅಂದರೆ 21 ನಿಮಿಷ. ರಸ್ತೆಯಲ್ಲಿ ಅಷ್ಟಿಷ್ಟು ಸೋರಿದರೂ ಅರ್ಧ ತಾಸು ಸಾಕು.

ತೊಟ್ಟಿಲ ಕಾರ್ಯಕ್ರಮ ಅಲ್ಲಿ ಬೆಳಗ್ಗೆ 10-30ಕ್ಕೆ, ನಮಗೆ ರಾತ್ರಿ 8ಕ್ಕೆ. ಸಂಜೆ 6-05ಕ್ಕೆ ಕಳಿಸಲು ಶುರು ಮಾಡಿದೆ. ಬೇಕಾದಷ್ಟು ಹೊತ್ತಿದೆ ಎಂದು ಚಹಾ ಕುಡಿದು ಬಂದೆ.

ಈಗಿನ ಮಕ್ಕಳಿಗೆ ಮೆಸೆಂಜರ್ ಎಂದರೆ ಫೋನಿನ ವಾಟ್ಸಾಪ್. ಆಗ ಅದು ಕಂಪ್ಯೂಟರಿನಲ್ಲಿ ಕೂತಿರುತ್ತಿತ್ತು. ಯಾಹೂ ಮೆಸೆಂಜರ್, ಎಂಎಸ್ಎನ್ ಮೆಸೆಂಜರ್, ಐಸಿಕ್ಯೂ ಇವೆಲ್ಲ ಆಗಿನ ಹೆಸರುಗಳು. ಎಂಎಸ್ಎನ್ 2013ರಲ್ಲಿ ನಿಂತಿತು, ಯಾಹೂ 2018ರ ಜುಲೈ 17ರಂದು, ಐಸಿಕ್ಯೂ 2024ರಲ್ಲಿ. ಮಗ ಆನ್‌ಲೈನಿಗೆ ಬಂದರೆ ಅವನ ಹೆಸರಿನ ಮುಂದೆ ಬಣ್ಣದ ದೀಪ ಹತ್ತುತ್ತಿತ್ತು. ಆ ದೀಪ ಹತ್ತುವುದನ್ನೇ ಕಾಯುತ್ತ ನನ್ನ ಹೆಂಡತಿ ಎಷ್ಟು ರಾತ್ರಿ ಕೂತಿದ್ದಾಳೋ ಲೆಕ್ಕವಿಲ್ಲ. ಮಾತು ಬರೆದು ಕಳಿಸಿದರೆ ತಟ್ಟನೆ ಹೋಗುತ್ತಿತ್ತು. ಫೈಲು ಕಳಿಸಿದರೆ ಮಾತ್ರ ಆಮೆ.

6-40ಕ್ಕೆ ನೋಡುತ್ತೇನೆ, ಹೋದದ್ದು 8 ಎಂಬಿ. ಸೆಕೆಂಡಿಗೆ 4 ಕಿಲೋಬೈಟ್. ಈ ಲೆಕ್ಕದಲ್ಲಿ ಮುಗಿಯಲು 10,000 ಸೆಕೆಂಡು, ಎರಡು ಮುಕ್ಕಾಲು ತಾಸು. ರಾತ್ರಿ 8-50. ಅಷ್ಟರಲ್ಲಿ ಕೂಸಿಗೆ ಹೆಸರಿಟ್ಟು, ಸೋದರತ್ತೆಯ ಬೆನ್ನಿಗೆ ಗುದ್ದು ಬಿದ್ದು, ಊಟಕ್ಕೂ ಕೂತಿರುತ್ತಾರೆ. ಮಗನ ಫೋನು ಬಂತು. “ಅಪ್ಪಾ, ಭಾಳ ಸಾವಕಾಶ ಬರಾಕತ್ತೈತಿ. ಆ ಫೈರ್‌ವಾಲ್ ಒಂದರ್ಧ ತಾಸು ಬಂದ್ ಮಾಡ್ರಿ. ಆಮ್ಯಾಲೆ ನೆನಪಿಲೆ ಚಾಲೂ ಮಾಡ್ರಿ ಮತ್ತ.” ಫೈರ್‌ವಾಲ್ ಹಾಕಿಕೊಟ್ಟವನೂ ಅವನೇ. ಹಿಂದಿನ ವರ್ಷ ಬಂದಾಗ ಹಾಕಿ, ಇದನ್ನು ಎಂದೂ ಮುಟ್ಟಬೇಡಿ ಎಂದು ಹೇಳಿಹೋಗಿದ್ದ.

ಆಗಿನ ಪ್ರೋಗ್ರಾಂನಲ್ಲಿ ಒಮ್ಮೆ ನಿಲ್ಲಿಸಿದರೆ ನಿಂತಲ್ಲಿಂದ ಮುಂದುವರಿಯುವ ಸೌಲಭ್ಯ ಇರಲಿಲ್ಲ. ಹೋದ 8 ಎಂಬಿ ನೀರಿನಲ್ಲಿ ಹೋಮ. ರದ್ದು ಮಾಡಬೇಕೋ ಬೇಡವೋ ಎಂದು ಎಂಟು ನಿಮಿಷ ಒದ್ದಾಡಿದೆ. ಕೊನೆಗೆ ಫೈರ್‌ವಾಲ್ ಬಂದ್ ಮಾಡಿ ಮೊದಲಿನಿಂದ ಶುರು ಮಾಡಿದೆ. 28 ನಿಮಿಷಕ್ಕೆ ಮುಗಿಯಿತು. ರಾತ್ರಿ ಎಂಟರ ಸುಮಾರಿಗೆ ಮಗ ಫೋನನ್ನು ಸ್ಪೀಕರಿನ ಹತ್ತಿರ ಹಿಡಿದ. ಸಾವಿರಾರು ಮೈಲಿ ಆಚೆ ಅವ್ವ ಹಾಡುತ್ತಿದ್ದಳು, ಕುಳಗೇರಿ ಕ್ರಾಸಿನ ಒಂದು ಲಾರಿಯ ಹಾರ್ನೂ ಅದರಲ್ಲಿ ಸೇರಿತ್ತು. ನಾವಿಬ್ಬರೂ ಅತ್ತೆವು.

ಈಗ ಮೊಮ್ಮಗನ ಪ್ರಶ್ನೆಗೆ ಬರೋಣ. ಫೈರ್‌ವಾಲ್ ಎಂದರೇನು, ಅದು ಏಕೆ ತಡ ಮಾಡಿತು?

ಹೆಸರಿನ ಅರ್ಥ ಬೆಂಕಿ ತಡೆಯುವ ಗೋಡೆ. ಒಂದು ಮನೆಗೆ ಬೆಂಕಿ ಹತ್ತಿದರೆ ಪಕ್ಕದ ಮನೆಗೆ ದಾಟಬಾರದೆಂದು ನಡುವೆ ಕಟ್ಟುವ ದಪ್ಪ ಗೋಡೆಗೆ, ಕಾರಿನಲ್ಲಿ ಎಂಜಿನ್ನಿಗೂ ಕೂರುವವರಿಗೂ ನಡುವೆ ಇರುವ ತಗಡಿಗೆ ಈ ಹೆಸರು ಮೊದಲು ಇತ್ತು. ನಮ್ಮ ಕಡೆ ಮೇವಿನ ಬಣಿವೆಯನ್ನು ಮನೆಯಿಂದ ದೂರ ಒಟ್ಟುವುದಿಲ್ಲವೇ, ಅದೇ ಬುದ್ಧಿ. ಆದರೆ ಕಂಪ್ಯೂಟರಿನ ಫೈರ್‌ವಾಲನ್ನು ಗೋಡೆ ಎಂದುಕೊಂಡರೆ ಪೂರ್ತಿ ತಿಳಿಯದು. ಅದು ನಮ್ಮ ಹಳ್ಳಿಗಳ ಅಗಸಿ ಇದ್ದಂತೆ. ಊರೊಳಗೆ ಹೋಗುವ ಹೆಬ್ಬಾಗಿಲು, ಎರಡೂ ಬದಿಗೆ ಕಟ್ಟೆ, ಕಟ್ಟೆಯ ಮೇಲೆ ಕಾವಲಿನವನು. ಊರಿನಿಂದ ಹೊರಗೆ ಹೋದವರನ್ನು ಅವನು ನೆನಪಿಟ್ಟುಕೊಳ್ಳುತ್ತಾನೆ. ಅವರು ತಿರುಗಿ ಬಂದರೆ, ಅವರು ಕರೆಸಿದ ನೆಂಟರು ಬಂದರೆ, ಬಿಡುತ್ತಾನೆ. ಯಾರೂ ಕರೆಯದೆ ರಾತ್ರಿ ಬಂದು ಬಾಗಿಲು ಬಡಿದವನಿಗೆ ಉತ್ತರವನ್ನೇ ಕೊಡುವುದಿಲ್ಲ.

ಕಂಪ್ಯೂಟರಿಗೆ ಒಂದೇ ಬಾಗಿಲಲ್ಲ. ಪೋರ್ಟ್ ಎಂದು ಕರೆಯುವ ಬಾಗಿಲುಗಳಿಗೆ 65,535ರ ತನಕ ನಂಬರುಗಳಿವೆ. ಒಂದೊಂದು ಕೆಲಸಕ್ಕೆ ಒಂದೊಂದು. ಉದಾಹರಣೆಗೆ, ಹಳೆಯ ಎಂಎಸ್ಎನ್ ಮೆಸೆಂಜರ್ ಫೈಲು ಕಳಿಸಲು 6891ರಿಂದ 6900ರವರೆಗಿನ ಹತ್ತು ಬಾಗಿಲುಗಳನ್ನು ಇಟ್ಟುಕೊಂಡಿತ್ತು.

ಮಾತು ಬರೆದು ಕಳಿಸುವಾಗ ನನ್ನ ಕಂಪ್ಯೂಟರೂ ಮಗನ ಕಂಪ್ಯೂಟರೂ ನಡುವಿನ ಒಂದು ದೊಡ್ಡ ಸರ್ವರಿಗೆ ಹೋಗಿ ಮಾತಾಡುತ್ತವೆ. ಇಬ್ಬರೂ ತಾವಾಗಿ ಹೊರಗೆ ಹೋದವರು, ಅಗಸಿಯಲ್ಲಿ ತಕರಾರಿಲ್ಲ. ಫೈಲು ಕಳಿಸುವಾಗ ಆ ಕಾಲದ ಮೆಸೆಂಜರುಗಳು ಬೇರೆ ದಾರಿ ಹಿಡಿಯುತ್ತಿದ್ದವು. ದೊಡ್ಡ ಗಂಟನ್ನು ಸರ್ವರಿನ ತಲೆಯ ಮೇಲೆ ಏಕೆ ಹೊರಿಸಬೇಕು, ನೇರವಾಗಿ ಮನೆಯಿಂದ ಮನೆಗೆ ಹೋಗಲಿ ಎಂದು ಯೋಚಿಸಿ, ಕಳಿಸುವವನ ಕಂಪ್ಯೂಟರು “ಇಂತಹ ನಂಬರಿನ ಬಾಗಿಲಿಗೆ ಬಾ, ಕೊಡುತ್ತೇನೆ” ಎಂದು ಎದುರಿನವನಿಗೆ ಹೇಳಿಕಳಿಸುತ್ತಿತ್ತು. ಮಗನ ಕಂಪ್ಯೂಟರು ಹೇಳಿದ ಬಾಗಿಲಿಗೆ ಬಂತು. ಅಗಸಿಯವನಿಗೆ ಈ ಸುದ್ದಿಯೇ ಗೊತ್ತಿಲ್ಲ. ಅವನ ಕಣ್ಣಿಗೆ ಅದು ಅಮೆರಿಕದಿಂದ ಬಂದು ಬಾಗಿಲು ಬಡಿಯುವ ಅಪರಿಚಿತ. ಸುಮ್ಮನೆ ಕೂತ.

ನೇರ ದಾರಿ ಸಿಗದಾಗ ಮೆಸೆಂಜರ್ ಸೋತು ಸುತ್ತು ದಾರಿ ಹಿಡಿಯುತ್ತಿತ್ತು. ಅದೇ ಮಾತಿನ ಸರ್ವರಿನ ಮೂಲಕ, ಲಕ್ಷಾಂತರ ಜನರ ನಡುವೆ ನುಸುಳಿಕೊಂಡು, ಚೂರು ಚೂರಾಗಿ. ಕುಳಗೇರಿ ಕ್ರಾಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನರಗುಂದದ ಕಡೆಯಿಂದ ಬಾದಾಮಿಗೆ ಹೋಗುವವರು ನಮ್ಮ ಕ್ರಾಸಿನಲ್ಲಿ ತಿರುಗಿದರೆ ನೇರ ದಾರಿ. ಅದು ಬಂದ್ ಆದರೆ ಕೆರೂರಿನವರೆಗೆ ಹೋಗಿ ಸುತ್ತಿ ಬರಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭಾ ಉಕ್ಕಿ ಕೊಣ್ಣೂರಿನ ಹತ್ತಿರ ಹೆದ್ದಾರಿಯೇ ಬಂದ್ ಆದಾಗ ಹುಬ್ಬಳ್ಳಿಗೆ ಹೋಗುವವರು ಎಲ್ಲೆಲ್ಲಿ ಸುತ್ತಿದರೆಂದು ನಮ್ಮೂರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಬಸ್ಸು ಅದೇ, ಡ್ರೈವರು ಅವನೇ, ತಡವಾದದ್ದು ದಾರಿಯಿಂದ.

ಇದು ನನಗೆ ಆ ಸಂಜೆ ಗೊತ್ತಿರಲಿಲ್ಲ. ಫೈರ್‌ವಾಲ್ ಪ್ರತಿ ಚೂರನ್ನೂ ಬಿಚ್ಚಿ ನೋಡುತ್ತದೆ, ಅದಕ್ಕೇ ತಡ ಎಂದುಕೊಂಡಿದ್ದೆ. ಬಹಳ ಜನ ಹಾಗೆಯೇ ತಿಳಿಯುತ್ತಾರೆ.

ಮುಂದೇನಾಯಿತು ಕೇಳಿ. ಖುಷಿಯಲ್ಲಿ ಫೈರ್‌ವಾಲ್ ಚಾಲೂ ಮಾಡುವುದನ್ನು ಮರೆತೆ. ಒಂಬತ್ತರ ಸುಮಾರಿಗೆ ಪರದೆಯ ಮೇಲೆ ಒಂದು ಪೆಟ್ಟಿಗೆ ಎದ್ದು ಬಂತು. 60 ಸೆಕೆಂಡಿನಲ್ಲಿ ಕಂಪ್ಯೂಟರ್ ಬಂದ್ ಆಗುತ್ತದೆ ಎಂಬ ಅರ್ಥದ ಇಂಗ್ಲಿಷ್ ಬರಹ. 59, 58, 57... ರಾಕೆಟ್ ಹಾರಿಸುವಂತೆ ಎಣಿಸತೊಡಗಿತು. ಸೊನ್ನೆಗೆ ಬಂದು ಬಂದ್ ಆಯಿತು. ಮತ್ತೆ ಹಚ್ಚಿ ಇಂಟರ್ನೆಟ್ಟಿಗೆ ಜೋಡಿಸಿದೆ, ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪೆಟ್ಟಿಗೆ. ಮೂರು ಸಲ ಆಯಿತು. ಹೆಂಡತಿ “ಯಾರದೋ ದೃಷ್ಟಿ ತಗಲೈತಿ” ಎಂದು ಮೆಣಸಿನಕಾಯಿ ಇಳಿಸಲು ಎದ್ದಳು.

ಈ ಎಣಿಕೆಯ ಪೆಟ್ಟಿಗೆ ಆ ಕಾಲದಲ್ಲಿ ಜಗತ್ತಿಗೆಲ್ಲ ಪರಿಚಿತ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳು, 2004ರ ಏಪ್ರಿಲ್ ಕೊನೆಗೆ ಸ್ಯಾಸರ್ ಎಂಬ ಇನ್ನೊಂದು ಹುಳು ವಿಂಡೋಸ್ ಕಂಪ್ಯೂಟರುಗಳಲ್ಲಿ ಹಬ್ಬಿದವು. ಹುಳು ಎಂದರೆ ತಾನೇ ತಾನಾಗಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹರಿಯುವ ಪ್ರೋಗ್ರಾಂ. ಇವಕ್ಕೆ ನೀವು ಯಾವ ಫೈಲನ್ನೂ ತೆರೆಯಬೇಕಿರಲಿಲ್ಲ. ಇಂಟರ್ನೆಟ್ಟಿಗೆ ಜೋಡಿಸಿ ಸುಮ್ಮನೆ ಕೂತರೆ ಸಾಕು, ಅವು ಒಂದೊಂದೇ ಮನೆಯ ಬಾಗಿಲು ಬಡಿಯುತ್ತ ಬಂದು, ತೆರೆದ ಬಾಗಿಲು ಸಿಕ್ಕರೆ ನುಗ್ಗುತ್ತಿದ್ದವು. ಸ್ಯಾಸರ್ ಬರೆದವನು ಜರ್ಮನಿಯ ಒಬ್ಬ ವಿದ್ಯಾರ್ಥಿ, ಹದಿನೆಂಟರ ಆಸುಪಾಸಿನವನು. ಬ್ಲಾಸ್ಟರ್ ನುಗ್ಗುತ್ತಿದ್ದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದಕ್ಕೂ ಒಂದು ತಿಂಗಳ ಮೊದಲು, 2003ರ ಜುಲೈನಲ್ಲೇ ಬಿಟ್ಟಿತ್ತು. 2004ರ ಆಗಸ್ಟಿನ ಸರ್ವಿಸ್ ಪ್ಯಾಕ್ 2ರಲ್ಲಿ ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈರ್‌ವಾಲ್ ಮೊದಲಿನಿಂದಲೇ ಚಾಲೂ ಇರುವಂತೆಯೂ ಮಾಡಿದರು. ನನ್ನ ಕಂಪ್ಯೂಟರಿನಲ್ಲಿ ತೇಪೆಯೂ ಇಲ್ಲ, ಸರ್ವಿಸ್ ಪ್ಯಾಕೂ ಇಲ್ಲ. ಇದ್ದದ್ದು ಮಗ ಹಾಕಿದ ಆ ಒಂದು ಫೈರ್‌ವಾಲ್. ಅದನ್ನು ನಾನೇ ಎಬ್ಬಿಸಿ ಮನೆಗೆ ಕಳಿಸಿದ್ದೆ.

ಮರುದಿನ ರಿಪೇರಿಗೆ ಒಬ್ಬ ಹುಡುಗ ಬಂದ. ಆಗಿನ ರಿಪೇರಿಯವರ ಹತ್ತಿರ ಎಲ್ಲ ರೋಗಕ್ಕೂ ಒಂದೇ ಔಷಧ ಇತ್ತು, ಫಾರ್ಮ್ಯಾಟ್. ಅಂದರೆ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕುವುದು. “ಸಿ ಡ್ರೈವ್‌ನಾಗ ಏನರ ಮುಖ್ಯ ಐತೇನ್ರಿ?” ಎಂದು ಕೇಳಿದ. ನಾನು ಡಿ ಡ್ರೈವ್‌ನಲ್ಲಿ ಫೋಟೋಗಳಿವೆ, ಅದನ್ನು ಮುಟ್ಟಬೇಡ ಎಂದೆ. ಅವ್ವನ ಪದ ಡೆಸ್ಕ್‌ಟಾಪ್ ಮೇಲಿತ್ತು. ಡೆಸ್ಕ್‌ಟಾಪ್ ಎಂದರೆ ಸಿ ಡ್ರೈವ್ ಎಂದು ನನಗೆ ಗೊತ್ತಿರಲಿಲ್ಲ. ಕಣ್ಣ ಮುಂದಿರುವ ವಸ್ತು ಎಲ್ಲಿ ಹೋದೀತು ಎಂಬ ನಂಬಿಕೆ! ಸಂಜೆ ನೋಡಿದರೆ ಪರದೆ ಬೋಳು. ವಿಡಿಯೊ ಅಂಗಡಿಗೆ ಓಡಿದೆ. ಆ ಹುಡುಗ ಭಾನುವಾರದ ಮದುವೆಗೆ ಜಾಗ ಬೇಕೆಂದು ತನ್ನಲ್ಲಿದ್ದದ್ದನ್ನು ಅಳಿಸಿಬಿಟ್ಟಿದ್ದ. ಸಿಡಿ ಬರೆಸಿದ್ದರೆ 30 ರೂಪಾಯಿ.

ಹೊಸ ವಿಂಡೋಸ್ ಮೇಲೆ ತೇಪೆಗಳನ್ನೂ ಫೈರ್‌ವಾಲನ್ನೂ ಹಾಕಿಸಿದ ಮೇಲೆ ನನಗೆ ಒಂದು ಹಟ ಹುಟ್ಟಿತು. ಹೊತ್ತು ಉಳಿಸಲು ಹೋಗಿ ಇಷ್ಟೆಲ್ಲ ಆಯಿತಲ್ಲ, ನಿಜವಾಗಿ ತಡ ಮಾಡಿದ್ದು ಏನು? ಬ್ಯಾಂಕಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಎಂಟರವರೆಗೆ ಕೂತು ಹುಡುಕಿದ ಕೈ ಇದು. ಮಗನಿಗೆ ಫೋನಿನಲ್ಲಿ ಹೇಳಿ ಒಂದು ಪರೀಕ್ಷೆ ಮಾಡಿದೆ. ಮಕ್ಕಳೇ, ನಿಮ್ಮ ವಿಜ್ಞಾನದ ಮಾಸ್ತರರು ಹೇಳುವಂತೆ, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. 4 ಎಂಬಿಯ ಒಂದೇ ಫೈಲು, ಒಂದೇ ಹೊತ್ತು, ಸಂಜೆ ಏಳು. ವಹಿಯ ಮುಂದಿನ ಪುಟದಲ್ಲಿ ಅದು ಇದೆ.

ಮೊದಲ ದಿನ ಫೈರ್‌ವಾಲ್ ಇದೆ, ಮೆಸೆಂಜರಿಗೆ ಅನುಮತಿ ಇಲ್ಲ: ಸುಮಾರು 17 ನಿಮಿಷ. ಎರಡನೇ ದಿನ ಫೈರ್‌ವಾಲ್ ಇದೆ, ಆದರೆ ಅದರ ಪಟ್ಟಿಯಲ್ಲಿ ಮೆಸೆಂಜರಿನ ಹೆಸರು ಬರೆದು ಅದು ಕೇಳುವ ಬಾಗಿಲಿಗೆ ಅನುಮತಿ ಕೊಟ್ಟಿದೆ: 2 ನಿಮಿಷ 50 ಸೆಕೆಂಡು. ಇದನ್ನು ಶನಿವಾರದ ಲೆಕ್ಕಕ್ಕೆ ಹೋಲಿಸಿ ನೋಡಿ. ಆ ದಿನ ಫೈರ್‌ವಾಲೇ ಇಲ್ಲದೆ 40 ಎಂಬಿಗೆ 28 ನಿಮಿಷ, ಅಂದರೆ 4 ಎಂಬಿಗೆ 2 ನಿಮಿಷ 48 ಸೆಕೆಂಡು. ವ್ಯತ್ಯಾಸ ಎರಡು ಸೆಕೆಂಡು!

ಕಾವಲಿನವನು ಪ್ರತಿ ಗಂಟನ್ನು ನೋಡಲು ತೆಗೆದುಕೊಂಡದ್ದು ಎರಡೇ ಸೆಕೆಂಡು. ಉಳಿದ 14 ನಿಮಿಷ ಸುತ್ತು ದಾರಿಯದು. ಅವನನ್ನು ಕೆಲಸದಿಂದ ತೆಗೆಯಬೇಕಿರಲಿಲ್ಲ, ಕಟ್ಟೆಯ ಹತ್ತಿರ ಹೋಗಿ “ನಮ್ಮ ಮಗನ ಕಡೆಯವರು ಬರ್ತಾರ, ದಿಡ್ಡಿ ಬಾಗಿಲದಾಗಿಂದ ಬಿಡಪಾ” ಎಂದು ಹೇಳಿದ್ದರೆ ಸಾಕಿತ್ತು. ಎರಡು ನಿಮಿಷದ ಕೆಲಸ. ನಾನು ರದ್ದು ಮಾಡಲೋ ಬೇಡವೋ ಎಂದು ಯೋಚಿಸಿದ್ದೇ ಎಂಟು ನಿಮಿಷ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಹಳೆಯ, ಸಣ್ಣ ಮೆಮೊರಿಯ ಕಂಪ್ಯೂಟರಿನಲ್ಲಿ ಆ್ಯಂಟಿವೈರಸ್ ಬಂದ ಫೈಲನ್ನೆಲ್ಲ ಬಿಚ್ಚಿ ತಪಾಸಣೆ ಮಾಡುವಾಗ ನಿಜವಾಗಿಯೂ ತಡವಾಗುತ್ತದೆ, ಫ್ಯಾನು ಗೊರಗೊರ ಎನ್ನುತ್ತದೆ. ಅದು ಬೇರೆ ತಡ. ಒಂದರ ತಪ್ಪನ್ನು ಇನ್ನೊಂದರ ಖಾತೆಗೆ ಖರ್ಚು ಹಾಕಬಾರದು.

ಈ ಪರೀಕ್ಷೆಯ ರಾತ್ರಿ ನನಗೆ ಕೌಂಟರಿನ ನೆನಪು ಬಂತು. ಕಂಪ್ಯೂಟರ್ ಬರುವ ಮೊದಲು ಹಣ ತೆಗೆಯಲು ಬಂದವರಿಗೆ ನಾವು ಹಿತ್ತಾಳೆಯ ಟೋಕನ್ ಕೊಡುತ್ತಿದ್ದೆವು. ಫಾರ್ಮು ಲೆಡ್ಜರಿಗೆ ಹೋಗಿ, ಸಹಿಯ ಕಾರ್ಡಿಗೆ ಹೋಗಿ, ಅಧಿಕಾರಿಯ ಮೇಜಿಗೆ ಹೋಗಿ, ಕ್ಯಾಶಿಯರನ ಹತ್ತಿರ ಬರಬೇಕು. ಒಬ್ಬಾತ ನಾಲ್ಕರ ಬಸ್ಸು ತಪ್ಪುತ್ತದೆಂದು ಕೂಗಾಡಿದ. ನಿಮ್ಮಂಥವರಿಂದಲೇ ದೇಶ ಹಿಂದುಳಿದದ್ದು ಎಂದು ನನಗೇ ಅಂದ. ಸಹಿಯ ಕಾರ್ಡು ತೆಗೆದು ನೋಡಿದರೆ ಖಾತೆ ಅವನ ಅಣ್ಣನದು, ಸಹಿ ಅಣ್ಣನದಲ್ಲ. ಸಹಿ ನೋಡಲು ಹಿಡಿದದ್ದು ಒಂದು ನಿಮಿಷ. ಉಳಿದದ್ದೆಲ್ಲ ಫಾರ್ಮು ಮೇಜಿನಿಂದ ಮೇಜಿಗೆ ಸುತ್ತಿದ ಹೊತ್ತು. ಆದರೆ ಬೈಗುಳ ತಿನ್ನುವುದು ಯಾವಾಗಲೂ ಸಹಿ ನೋಡುವವನೇ.

“ಈಗ ಯಾಕ ತಡ ಆಗೂದಿಲ್ಲ?” ಎಂದ ಮೊಮ್ಮಗ. ಈಗಿನ ವಾಟ್ಸಾಪಿನಂಥವು ಫೈಲಿಗೆ ನೇರ ದಾರಿಯನ್ನು ಹುಡುಕುವುದೇ ಇಲ್ಲ. ನೀನು ಫೋಟೋ ಕಳಿಸಿದರೆ ಅದು ಸರ್ವರಿಗೆ ಏರುತ್ತದೆ, ಎದುರಿನವರು ಅಲ್ಲಿಂದ ಇಳಿಸಿಕೊಳ್ಳುತ್ತಾರೆ. ಇಬ್ಬರೂ ತಾವಾಗಿ ಹೊರಗೆ ಹೋದವರೇ, ಅಗಸಿಯಲ್ಲಿ ಜಗಳವಿಲ್ಲ. ಎಲ್ಲರೂ ಸುತ್ತು ದಾರಿಯಲ್ಲೇ ಹೋಗುತ್ತಾರೆ, ಆದರೆ ಆ ದಾರಿ ಈಗ ಆರು ಪಥದ ಹೆದ್ದಾರಿ. ಕಚೇರಿ, ಬ್ಯಾಂಕು, ಕಾಲೇಜುಗಳ ಒಳಗೆ ಮಾತ್ರ ಫೈಲು ನಿಂತುಬಿಡುವುದು ಈಗಲೂ ಉಂಟು. ಅಲ್ಲಿಯ ಕಾವಲಿಗೆ ಅಂಥ ಪ್ರೋಗ್ರಾಂಗಳನ್ನು ಬಿಡಬೇಡ ಎಂದು ಮೇಲಿನವರೇ ಹೇಳಿರುತ್ತಾರೆ.

ಇನ್ನೊಂದು ಬದಲಾವಣೆಯೂ ಆಗಿದೆ. 2016ರ ಏಪ್ರಿಲ್‌ನಿಂದ ವಾಟ್ಸಾಪಿನ ಸಂದೇಶ, ಫೈಲು ಎಲ್ಲ ಕಳಿಸುವವರ ಫೋನಿನಿಂದ ಪಡೆಯುವವರ ಫೋನಿನವರೆಗೆ ಮೊಹರು ಹಾಕಿಯೇ ಹೋಗುತ್ತವೆ. ನಡುವಿನವರು ಓದಲಾರರು. ಗುಟ್ಟಿಗೆ ಒಳ್ಳೆಯದು. ಆದರೆ ದಾರಿಯ ಕಾವಲಿನವನಿಗೂ ಗಂಟಿನೊಳಗೆ ಜೋಳವಿದೆಯೋ ಹಾವಿದೆಯೋ ಕಾಣದು. ಈಚಿನ ವರ್ಷಗಳಲ್ಲಿ ಮದುವೆ ಕರೆಯೋಲೆಯ ಹೆಸರಿನಲ್ಲಿ, ಬ್ಯಾಂಕಿನ ಹೆಸರಿನಲ್ಲಿ ಎಪಿಕೆ ಫೈಲುಗಳು ಬರುತ್ತಿವೆ. ಎಪಿಕೆ ಎಂದರೆ ಫೋಟೋ ಅಲ್ಲ, ಕಾಗದವೂ ಅಲ್ಲ, ಫೋನಿನೊಳಗೆ ಹೊಕ್ಕು ಕೂರುವ ಪ್ರೋಗ್ರಾಂ. ಅದನ್ನು ಒತ್ತಿದಾಗ ಆಂಡ್ರಾಯ್ಡ್ ಫೋನು ಒಮ್ಮೆ ತಡೆದು, ಇದು ಗೊತ್ತಿಲ್ಲದ ಕಡೆಯಿಂದ ಬಂದಿದೆ, ಬಿಡಲೇ ಎಂದು ಕೇಳುತ್ತದೆ. ಅಜ್ಜ-ಅಜ್ಜಿಯರೇ, ಆ ಪ್ರಶ್ನೆ ಕೇಳುವವನೇ ನಮ್ಮ ಅಗಸಿಯವನು. ಕರೆಯೋಲೆ ನೋಡುವ ಅವಸರದಲ್ಲಿ “ಹೂಂ, ಬಿಡು” ಎಂದು ಒತ್ತಿದರೆ 2006ರಲ್ಲಿ ನಾನು ಮಾಡಿದ್ದನ್ನೇ ನೀವು ಮಾಡಿದಂತೆ. ನನ್ನಿಂದ ಹೋದದ್ದು ಒಂದು ಹಾಡು. ಈಗ ಖಾತೆಯ ಹಣವೇ ಹೋಗುತ್ತದೆ. ಹೋದರೆ ಕೂಡಲೇ 1930ಕ್ಕೆ ಫೋನು ಮಾಡಬೇಕು, ನಾಳೆ ಮಾಡಿದರಾಯಿತು ಎನ್ನಬಾರದು. ಸಂಶಯವಿದ್ದರೆ ಒತ್ತುವ ಮೊದಲು ಮನೆಯ ಮಕ್ಕಳಿಗೆ ತೋರಿಸಿ. ಮಕ್ಕಳೇ, ಅವರು ತೋರಿಸಿದಾಗ “ಅಷ್ಟೂ ಗೊತ್ತಾಗೂದಿಲ್ಲೇನು” ಎಂದು ನಗಬೇಡಿ. ನಕ್ಕರೆ ಮುಂದಿನ ಸಲ ತೋರಿಸುವುದಿಲ್ಲ.

ಅವ್ವ 2008ರಲ್ಲಿ ತೀರಿಕೊಂಡಳು. ಆ ಪದವನ್ನು ಮತ್ತೊಮ್ಮೆ ಹಾಡಿಸಬೇಕು ಎಂದು ಎರಡು ವರ್ಷ ಅನ್ನುತ್ತಲೇ ಇದ್ದೆ. ಕೇಳಿದಾಗೊಮ್ಮೆ “ಅದು ಆ ಕೂಸಿಂದು. ಅದಕ್ಕ ಹಾಡಿ ಆತಲ್ಲೋ” ಎನ್ನುತ್ತಿದ್ದಳು. ನಮ್ಮ ಅದೃಷ್ಟಕ್ಕೆ ಮಗನ ಕಂಪ್ಯೂಟರಿನಲ್ಲಿ ಆ ಸಂಜೆ ತಲುಪಿದ 40 ಎಂಬಿ ಹಾಗೇ ಇತ್ತು. ಈಗ ಅದು ನನ್ನ ಫೋನಿನಲ್ಲಿದೆ, ಮಗಳ ಫೋನಿನಲ್ಲಿದೆ, ಒಂದು ಪೆನ್ ಡ್ರೈವ್‌ನಲ್ಲಿ ಟ್ರಂಕಿನೊಳಗೂ ಇದೆ. ಸಿಡಿಯನ್ನೂ ಬರೆಸಿದ್ದೇನೆ, ಅದನ್ನು ಹಾಕುವ ಯಂತ್ರ ಮನೆಯಲ್ಲಿ ಇಲ್ಲದಿದ್ದರೂ.

ಮೊಮ್ಮಗ ಕೇಳಬೇಕೆಂದ. ಫೋನು ಹಚ್ಚಿ ಕಟ್ಟೆಯ ಮೇಲಿಟ್ಟೆ. ಎರಡನೇ ನುಡಿಯಲ್ಲಿ ಲಾರಿಯ ಹಾರ್ನು ಬಂದಾಗ ಅವನು ನಿಜವಾದ ಲಾರಿಯೆಂದು ರಸ್ತೆಯ ಕಡೆ ತಿರುಗಿ ನೋಡಿದ. ಮೂರನೇ ನುಡಿಯಲ್ಲಿ ಅವ್ವ ಕೆಮ್ಮಿದಳು, ನಿಂತಳು, “ತಡೀಪಾ” ಎಂದು ಆ ಹುಡುಗನಿಗೆ ಹೇಳಿ ಮತ್ತೆ ಹಿಡಿದಳು. “ಇದನ್ನು ತಗದು ಸ್ವಚ್ಛ ಮಾಡಲೇನಜ್ಜಾ? ನನ್ನ ಕಡೆ ಆ್ಯಪ್ ಐತಿ” ಎಂದ. ಬೇಡ, ಇರಲಿ ಎಂದೆ.